ಗುಡಿ ಕಂಡರೆ ನಿಲ್ಲುತ್ತಿದ್ದ ಕಾರು

ಹಿತ್ಕಿದ ಬೇಳೆ ಮಾಡುತ್ತಾ ಕೂತಿದ್ದೆ. ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ನಾನು ಹಿಸುಕಿದ್ದು ಅರ್ಧ ಪಾತ್ರೆಗೆ ಬೀಳುತ್ತದೆ, ಅರ್ಧ ಸೋಫಾ ಕೆಳಗೆ ಹೋಗುತ್ತದೆ. ಈ ಕೆಲಸಕ್ಕೆ ಕೂತಾಗ ನನ್ನನ್ನು ಎಬ್ಬಿಸಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಎಡ ಮಂಡಿ ಸರಿಯಾಗಿ ಮಡಚುವುದಿಲ್ಲ. ಒಮ್ಮೆ ಕಾಲು ನೀಡಿಕೊಂಡು ಕೂತೆ ಅಂದರೆ ಏಳಲು ಗೋಡೆ ಬೇಕು, ಕಿಟಕಿ ಸರಳು ಬೇಕು, ಎಲ್ಲಮ್ಮ ತಾಯಿಯ ದಯೆಯೂ ಬೇಕು.

ಅಷ್ಟರಲ್ಲಿ ನಮ್ಮನೆಯವರ ಫೋನು. ಗ್ಯಾರೇಜಿನಿಂದ ಮಾಡಿದ್ದರು, ಹಿಂದೆ ಸುತ್ತಿಗೆ ಸದ್ದು ಕೇಳುತ್ತಿತ್ತು.

"ಕೇಳಿಲ್ಲಿ. ತೀರ್ಮಾನ ಮಾಡ್ಬಿಟ್ಟೆ. ಆ ಅರ್ಧಂಬರ್ಧ ಗೇರಿನ ಸಹವಾಸ ಸಾಕು. ಕಿತ್ತಾಕಿಸಿ ಕ್ಲಚ್ ಇರೋ ಗೇರ್ ಹಾಕಿಸ್ತಿದೀನಿ."

"ಕ್ಲಚ್ಚನ್ನ ಯಾವ ಕಾಲಲ್ಲಿ ಒತ್ತೋದು?" ಅಂದೆ.

"ಎಡಗಾಲಲ್ಲಿ. ಇನ್ಯಾವ ಕಾಲಲ್ಲಿ ಒತ್ತುತ್ತಾರೆ?"

ಆಮೇಲೆ ಅವರಿಗೂ ನನ್ನ ಮಂಡಿ ನೆನಪಾಯಿತು ಅಂತ ಕಾಣುತ್ತದೆ. "ನಿನಗೇನು, ಆಟೋ ಇದೆಯಲ್ಲ," ಅಂದು ಫೋನಿಟ್ಟರು.

ಕಾರಿನ ವಿಷಯ ಹೇಳದಿದ್ದರೆ ನನ್ನ ಹೊಟ್ಟೆಯುರಿ ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಮಾವ ಒಂದು ಕಾಲಕ್ಕೆ ಫ್ಯಾಕ್ಟರಿಯ ವಿದೇಶಿ ಎಂಜಿನಿಯರ್ ಒಬ್ಬರ ಕಾರು ಓಡಿಸುತ್ತಿದ್ದರು. ಆ ಸಾಹೇಬರು ತಮ್ಮ ದೇಶಕ್ಕೆ ವಾಪಸು ಹೋಗುವಾಗ ಕಾರನ್ನು ಮಾವನಿಗೇ ಬಿಟ್ಟುಹೋದರು. ಗುಂಡಗಿನ ಬೆನ್ನಿನ ಕಾರು. ನಮ್ಮೂರಿನವರು ಆಮೆ ಕಾರು ಅಂತಲೇ ಕರೆಯುವುದು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಒಮ್ಮೆ ನಮ್ಮ ಮೇಲಿನ ಮನೆಗೆ ಬಾಡಿಗೆಗಿರುವ ಹುಡುಗಿ ಮರೆತುಹೋದ ಐಡಿ ಟ್ಯಾಗ್ ಕೊಡಲು ಎಲೆಕ್ಟ್ರಾನಿಕ್ ಸಿಟಿಯ ಅವಳ ಕಂಪನಿ ಗೇಟಿಗೆ ಹೋಗಿದ್ದೆ. ಸೆಕ್ಯೂರಿಟಿಯವನು ಹಿಂದೆ ನಿಂತು, "ಡಿಕ್ಕಿ ತೆಗೀರಿ ಮೇಡಂ," ಅಂದ. ನಾನು ಮುಂದೆ ಹೋಗಿ ತೆಗೆದೆ. ಸ್ಟೆಪ್ನಿಯ ಮೇಲೆ ಎರಡು ತೆಂಗಿನಕಾಯಿ ಇದ್ದವು.

"ಎಂಜಿನ್ ಎಲ್ಲಿ ಮೇಡಂ?"

"ಹಿಂದೆ ಬರ್ತಿದೆ ಕಣಪ್ಪ," ಅಂದೆ. ಅವನು ರಸ್ತೆಯ ಕಡೆ ನೋಡಿದ.

ಈ ಕಾರಿಗೆ ನೀರೂ ಬೇಡ. ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ಎಂಜಿನ್ ತಣ್ಣಗಾಗುತ್ತದೆ. ಮೇಲಿನ ಬಾಡಿಗೆಯವರನ್ನೆಲ್ಲ ಸೇರಿಸಿ ನಮ್ಮ ಕಾಂಪೌಂಡಿನೊಳಗೆ ನೀರು ಕೇಳದ ಜೀವ ಅದೊಂದೇ. ನಾನು ಏಕಾದಶಿಗೆ ಕಾಫಿ ಕುಡಿದು ಉಪವಾಸ ಅಂತೀನಿ. ಅದು ವರ್ಷವಿಡೀ ನಿರ್ಜಲ ಮಾಡುತ್ತದೆ, ಯಾರಿಗೂ ಹೇಳಿಕೊಳ್ಳುವುದಿಲ್ಲ.

ಇಷ್ಟೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಅದರ ಗೇರು. ಗೇರಿನ ಕಡ್ಡಿ ಇದೆ, ಕ್ಲಚ್ ಪೆಡಲ್ ಇಲ್ಲ. ಕಾಲ ಕೆಳಗೆ ಎರಡೇ ಪೆಡಲ್ಲು, ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ. ಗೇರಿನ ಕಡ್ಡಿಯನ್ನು ಕೈಯಲ್ಲಿ ಮುಟ್ಟಿದರೆ ಸಾಕು, ಒಳಗೆ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಗೇರು ಬದಲಾಯಿಸಿ ಕೈ ತೆಗೆದರೆ ಮತ್ತೆ ಹಿಡಿದುಕೊಳ್ಳುತ್ತದೆ. ಎಡಗಾಲಿಗೆ ಕೆಲಸವೇ ಇಲ್ಲ.

ಹೊಸೂರು ರೋಡಿನಲ್ಲಿ ಸ್ಕೂಟರಿನಿಂದ ಬಿದ್ದು ಮಂಡಿಗೆ ಸ್ಕ್ರೂ ಹಾಕಿಸಿಕೊಂಡಿದ್ದೆ. ಮಂಡಿ ಹೋಯಿತು, ತಲೆ ಉಳಿಯಿತು, ಅದೊಂದು ಪುಣ್ಯ. (ತಲೆಯ ವಿಷಯದಲ್ಲಿ ನಮ್ಮನೆಯವರಿಗೆ ಈಗಲೂ ಅನುಮಾನ.) ಆಮೇಲೆ ಸ್ಕೂಟರ್ ಆಗದು, ಬೇರೆ ಕಾರು ಆಗದು. ಬೊಮ್ಮಸಂದ್ರದಲ್ಲಿ ಹೆಂಗಸೊಬ್ಬಳು ಯಾರನ್ನೂ ಕೇಳದೆ ಮನೆಯಿಂದ ಹೊರಗೆ ಹೋಗಬೇಕು ಅಂದರೆ ಒಂದೋ ಗಟ್ಟಿ ಕಾಲಿರಬೇಕು, ಇಲ್ಲ ಇಂಥ ಕಾರಿರಬೇಕು. ಎಲ್ಲಮ್ಮ ತಾಯಿ ನನಗೆ ಕಾಲು ಕಿತ್ತುಕೊಂಡು ಕಾರು ಕೊಟ್ಟಿದ್ದಳು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಗುಡಿಗೆ, ನಡುವೆ ತರಕಾರಿಗೆ, ಮನಸ್ಸು ಬಂದರೆ ಚಂದಾಪುರದ ಅಕ್ಕನ ಮನೆಗೆ. "ರೀ, ಸ್ವಲ್ಪ ಬಿಡ್ತೀರಾ" ಅನ್ನುವ ಮಾತು ನನ್ನ ಬಾಯಿಂದ ಹೋಗಿಯೇ ಬಿಟ್ಟಿತ್ತು. ಈಗ ಆ ಮಾತನ್ನು ಮತ್ತೆ ಕಲಿಯಬೇಕಾಗಿ ಬಂತು.

ಕಾರಿನ ತಪ್ಪೇನು ಅಂದರೆ, ಅದು ಈಚೆಗೆ ಗುಡಿ ಕಂಡರೆ ನಿಲ್ಲುತ್ತಿತ್ತು.

ಸುಳ್ಳಲ್ಲ. ಮನೆಯಿಂದ ಎಲ್ಲಮ್ಮನ ಗುಡಿಗೆ ಹೋಗುವ ದಾರಿಯಲ್ಲಿ ಮೊದಲು ಮುನೇಶ್ವರನ ಕಲ್ಲು, ಆಮೇಲೆ ಆಂಜನೇಯ, ಕೊನೆಗೆ ತಾಯಿ. ಮುನೇಶ್ವರ ಬಂದ ತಕ್ಷಣ ಎಂಜಿನ್ ಗೊರ್ ಅಂತ ಕೂಗುವುದು, ಗಾಡಿ ಎಳೆಯುವುದಿಲ್ಲ. ಮುಂದಕ್ಕೆ ಉರುಳಿ ಉರುಳಿ ನಿಲ್ಲುವ ಹೊತ್ತಿಗೆ ಗಕ್ಕನೆ ಮತ್ತೆ ಹಿಡಿದುಕೊಂಡು, ಮೂಗು ಒಮ್ಮೆ ಬಗ್ಗಿಸಿ ಹೊರಡುವುದು. ಆಂಜನೇಯನ ಮುಂದೆ ಮತ್ತೆ ಅದೇ. ಎಲ್ಲಮ್ಮನ ಗುಡಿ ಬಂದರಂತೂ ನಿಂತೇಬಿಡುವುದು. ನಾನು ಓಡಿಸಿದರೂ ಅಷ್ಟೇ, ನಮ್ಮನೆಯವರು ಓಡಿಸಿದರೂ ಅಷ್ಟೇ.

ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದರು. ಅದು ಮಾವನ ಕಾಲದಿಂದಲೂ ಅವರ ಜಾಗ, ಅಲ್ಲಿ ಬೇರೆಯವರು ಕೂರುವ ಹಾಗಿಲ್ಲ.

"ನೋಡ್ದೇನಮ್ಮಿ," ಅನ್ನುವರು, "ತಾಯಿನ ಕಂಡ್ರೆ ಎಂಗೆ ತಲೆ ಬಗ್ಗುಸ್ತದೆ. ಈ ಮನೇಲಿ ಗಂಡುಸ್ರಿಗಿಲ್ದಿದ್ ಭಕ್ತಿ ಕಾರಿಗೈತೆ."

"ಭಕ್ತಿ ಅಲ್ಲ ಕಣಮ್ಮ, ಎಲ್ಲೋ ವೈರ್ ಲೂಸ್," ಅನ್ನುವರು ನಮ್ಮನೆಯವರು.

"ನಿನ್ದೇ ಲೂಸು. ಕೈ ಮುಗಿ."

ನಾನೇನು ನಂಬಿದೆ ಅಂತ ಕೇಳಿದರೆ, ವಾರದಲ್ಲಿ ಮೂರು ದಿನ ಗಂಡನನ್ನ ನಂಬುತ್ತಿದ್ದೆ, ನಾಲ್ಕು ದಿನ ಅತ್ತೆಯನ್ನ. ದೇವರಿದ್ದಾನೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನನ್ನ ಮಂಡಿಯ ಕಡೆ ನೋಡಲು ಬಿಡುವಿಲ್ಲದ ದೇವರು ಒಂದು ಕಾರಿನ ಗೇರು ಹಿಡಿದುಕೊಂಡು ಆಡುತ್ತಾನೆ ಅಂದರೆ ಮನಸ್ಸು ಒಪ್ಪುತ್ತಿರಲಿಲ್ಲ. ಒಪ್ಪದೆ ಇರಲೂ ಆಗುತ್ತಿರಲಿಲ್ಲ, ಯಾಕೆಂದರೆ ಅದೇ ದಾರಿಯಲ್ಲಿ ತರಕಾರಿಗೆ ಹೋದ ದಿನ ಕಾರು ಎಲ್ಲೂ ನಿಲ್ಲುತ್ತಿರಲಿಲ್ಲ.

ಗ್ಯಾರೇಜಿಗೆ ಬಿಟ್ಟಾಗಲೂ ನಿಲ್ಲುತ್ತಿರಲಿಲ್ಲ. ಮೆಕ್ಯಾನಿಕ್ ಓಡಿಸಿಕೊಂಡು ಹೋಗಿ ಬಂದು, "ಅಣ್ಣ, ಗಾಡಿ ಬೆಣ್ಣೆ ಥರ ಐತೆ," ಅನ್ನುವನು. ಬೆಣ್ಣೆ ಥರ ಇದ್ದರೂ ಏನಾದರೂ ಒಂದು ಬದಲಾಯಿಸಿ ಕಳಿಸುವುದು ಅವನ ಮರ್ಯಾದೆಯ ಪ್ರಶ್ನೆ. ಒಮ್ಮೆ ಕಾರ್ಬುರೇಟರ್ ತೊಳೆದ. ಒಮ್ಮೆ ರಬ್ಬರ್ ಪೈಪು ಹಾಕಿದ. ಒಮ್ಮೆ ಏನೂ ತೋಚದೆ ಹಾರನ್ ಸರಿ ಮಾಡಿ ಕಳಿಸಿದ. ಹಾರನ್ ಮುಂಚೆಯೂ ಸರಿಯಾಗಿಯೇ ಇತ್ತು.

ಕೊನೆಗೆ ಒಂದು ದಿನ ಆಂಜನೇಯನ ಮುಂದೆ ಕಾರು ನಿಂತು, ಹಿಂದೆ ಫ್ಯಾಕ್ಟರಿ ಶಿಫ್ಟಿನ ಬಸ್ಸು ನಿಂತು, ಅದರ ಡ್ರೈವರು ನಮ್ಮನೆಯವರಿಗೆ ಅವರ ಮಾವನ ಮನೆಯವರ ವಿಷಯವಾಗಿ ಏನೋ ಅಂದ. ಅಂದರೆ ನನ್ನ ತವರಿನ ವಿಷಯ. ನಾನು ಸಹಿಸಿಕೊಂಡೆ, ಅವರಿಗೆ ಸಹಿಸಲಾಗಲಿಲ್ಲ. ಮರುದಿನವೇ ಕಾರು ಗ್ಯಾರೇಜಿಗೆ ಹೋಯಿತು. ಅದಾದ ಮೇಲೆ ಬಂದದ್ದು ಆ ಫೋನು.

ಬೇಳೆ ಹಾಗೇ ಬಿಟ್ಟು ಗೋಡೆ ಹಿಡಿದು ಎದ್ದೆ. ಆಟೋ ಮಾಡಿಕೊಂಡು ಗ್ಯಾರೇಜಿಗೆ ಹೋದೆ, ತಡೆಯಬಹುದೇನೋ ಅಂತ. ಲೇತ್ ಅಂಗಡಿಗಳ ಸಾಲಿನ ಹಿಂದೆ ಆ ಶೆಡ್ಡು. ಕಾರಿನ ಹಿಂಭಾಗ ಖಾಲಿ, ಎಂಜಿನ್ ನೆಲದಲ್ಲಿ ಒಂದು ಟಯರಿನ ಮೇಲೆ ಕೂತಿತ್ತು, ಪಕ್ಕದಲ್ಲಿ ಹಳೆ ಗೇರ್ ಬಾಕ್ಸು. ನಮ್ಮನೆಯವರು ಟೀ ಕುಡಿಯಲು ಹೋಗಿದ್ದರು, ಅಥವಾ ನನ್ನ ಆಟೋ ನೋಡಿ ಹೋದರು.

"ಹಳೇದನ್ನೇ ವಾಪಸ್ ಹಾಕೋಕಾಗಲ್ವಾ?" ಅಂದೆ.

"ಬಿಚ್ಚಿದ್ದನ್ನ ಹಾಕ್ಬೋದು ಅಕ್ಕ," ಅಂದ ಮೆಕ್ಯಾನಿಕ್. "ಆದ್ರೆ ಒಳಗಿರೋದನ್ನ ಬಿಚ್ಚೋವಾಗ ಒಡೆದುಬಿಟ್ಟೆ."

ಹೊಸ ಗೇರ್ ಬಾಕ್ಸು ಹೊಸೂರಿನ ಕಡೆ ಒಂದು ತೋಟದಲ್ಲಿ ಸಿಕ್ಕಿದ್ದಂತೆ. ಇದೇ ಜಾತಿಯ ಕ್ಲಚ್ ಕಾರೊಂದು ಅಲ್ಲಿ ಕೋಳಿಗೂಡಾಗಿ ಕೂತಿತ್ತಂತೆ. ಕೋಳಿಗಳನ್ನು ಎಬ್ಬಿಸಿ ಗೇರ್ ಬಾಕ್ಸು, ಮೂರು ಪೆಡಲ್ಲು, ಗೇರಿನ ಕಡ್ಡಿ ಎಲ್ಲ ಬಿಚ್ಚಿಕೊಂಡು ಬಂದಿದ್ದ. ಗೇರ್ ಬಾಕ್ಸಿನ ಮೇಲೆ ಇನ್ನೂ ಪುಕ್ಕ ಅಂಟಿತ್ತು.

"ಬರೀ ಗೇರ್ ಬಾಕ್ಸ್ ಬದಲಾಯ್ಸಿದ್ರೆ ಆಗಲ್ಲ ಅಕ್ಕ. ಇಲ್ಲಿ ನೋಡಿ," ಅಂತ ಎರಡು ಸೀಟಿನ ನಡುವಿನ ದಿಮ್ಮಿಯಂಥ ಉಬ್ಬು ತೋರಿಸಿದ. "ಪೆಡಲ್ಲಿಂದ ಹಿಂದಿನ ತನಕ ಕ್ಲಚ್ ಕೇಬಲ್ ಹೋಗ್ಬೇಕು. ಅದಕ್ಕೆ ಒಳಗೆ ಒಂದು ಕೊಳವೆ ಕೂರಿಸಿ ವೆಲ್ಡಿಂಗ್ ಮಾಡ್ಬೇಕು. ದೊಡ್ಡ ಆಪರೇಶನ್ನು."

"ಮೊದಲಿನ ಕಾಯಿಲೆ ಏನು ಅಂತ ಗೊತ್ತಾಯ್ತಾ?"

"ಇಲ್ಲ ಅಕ್ಕ. ಅದಕ್ಕೇ ಪೂರ್ತಿ ತೆಗೀತಿರೋದು."

ಪೆಡಲ್ಲುಗಳನ್ನು ಆಗಲೇ ಕೂರಿಸಿದ್ದ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದೆ. ಎಡಗಾಲನ್ನು ಕೈಯಲ್ಲಿ ಎತ್ತಿ ಕ್ಲಚ್ಚಿನ ಮೇಲಿಟ್ಟೆ. ಮಂಡಿ ಬಗ್ಗಲಿಲ್ಲ, ಪಾದ ಪಕ್ಕಕ್ಕೆ ಜಾರಿ ಚಪ್ಪಲಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತು. ಮೆಕ್ಯಾನಿಕ್ ನನ್ನ ಕಡೆ ನೋಡದೆ ಒಂದು ಒಣ ಬಟ್ಟೆಯಲ್ಲಿ ಪುಕ್ಕ ಒರೆಸುತ್ತಾ ನಿಂತ. ಅಲ್ಲಿಂದ ಬರುವಾಗ ಆಟೋದವನು, "ಎಲ್ಲಿಗೆ ಮೇಡಂ?" ಅಂದ. ಎಷ್ಟೋ ವರ್ಷ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಅವರೆಕಾಯಿ ಸೀಸನ್ನು ಮುಗಿಯುವ ಹೊತ್ತಿಗೆ ಕಾರು ಮನೆಗೆ ಬಂತು. ಕುಂಕುಮ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲ ಆಯಿತು. ನಮ್ಮನೆಯವರು ಒಂದು ಸುತ್ತು ಹೋಗಿ ಬಂದು ಹೊಸ ಮದುಮಗನ ಹಾಗೆ ಇಳಿದರು.

"ಈಗ ಕಾರು ಅಂದ್ರೆ ಕಾರು. ಆದ್ರೆ ನೀನು ಮುಟ್ಬೇಡ. ಆ ಕಾಲಲ್ಲಿ ಆಗಲ್ಲ."

"ಆಗಲ್ಲ ಅಂತ ನಾನು ಹೇಳಿದ್ನಾ?"

"ನಿನ್ನ ಮಂಡಿ ಹೇಳ್ತಿದೆ."

ಕೀಯನ್ನು ತಮ್ಮ ಶರ್ಟಿನ ಪಕ್ಕದ ಮೊಳೆಗೆ ನೇತುಹಾಕಿಕೊಂಡರು. ಸಂಜೆ ದೀಪ ಹಚ್ಚುವಾಗ ತಾಯಿಯನ್ನು ಎರಡು ಮಾತು ಕೇಳಿದೆ. ಕೊಟ್ಟಿದ್ದನ್ನು ಕಿತ್ತುಕೊಳ್ಳುವುದು ನಿನಗೆ ಅಭ್ಯಾಸವೇ, ಕಾಲು ತಗೊಂಡೆ, ಈಗ ಇದೂ ಬೇಕಾ ಅಂದೆ. ಉತ್ತರವಾಗಿ ಹೂವು ಬಲಕ್ಕೆ ಬೀಳುತ್ತದೇನೋ ನೋಡಿದೆ, ಬೀಳಲಿಲ್ಲ, ನಾನೇ ದಾರದಲ್ಲಿ ಬಿಗಿಯಾಗಿ ಕಟ್ಟಿದ್ದೆ.

ಆ ಶುಕ್ರವಾರ ನಮ್ಮನೆಯವರು ಯಾವುದೋ ಗೃಹಪ್ರವೇಶಕ್ಕೆ ಬೇರೆಯವರ ಕಾರಿನಲ್ಲಿ ಹೋದರು. ಅತ್ತೆ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಫೋನಿನಲ್ಲಿ ಆಟೋ ಕರೆದೆ. ಒಬ್ಬ ಬರುತ್ತೇನೆ ಅಂತ ಬರಲಿಲ್ಲ, ಇನ್ನೊಬ್ಬ ಹತ್ತಿರ ಬಂದು ಕ್ಯಾನ್ಸಲ್ ಮಾಡಿದ.

"ನೀನೇ ತೆಗಿ ಕಾರ್ನ," ಅಂದರು ಅತ್ತೆ.

"ಕಾಲಾಗಲ್ಲ ಅತ್ತೆ."

"ತಾಯ್ತಾವ್ಕೆ ತಾನೆ ಓಗೋದು. ಅವ್ಳು ನೋಡ್ಕತಾಳೆ."

ಅವಳು ಏನು ನೋಡಿಕೊಂಡಿದ್ದಾಳೆ ಅಂತ ನನಗೆ ಗೊತ್ತಿತ್ತು. ಆದರೂ ಕೀ ತಗೊಂಡೆ. ಕೂತು ಸೀಟನ್ನು ಕೊನೆಯ ತನಕ ಹಿಂದಕ್ಕೆ ತಳ್ಳಿದೆ. ಕಾಲು ಪೂರ್ತಿ ನೆಟ್ಟಗಾಯಿತು. ಕಾಲು ನೆಟ್ಟಗಿದ್ದರೆ ಮಂಡಿಗೆ ಕೆಲಸವಿಲ್ಲ, ಸೊಂಟದಿಂದ ತಳ್ಳಬಹುದು. ಬಾವಿಗೆ ಬಿದ್ದ ಹಾಗೆ ಕ್ಲಚ್ ಪೂರ್ತಿ ಒಳಗೆ ಹೋಯಿತು. ಸ್ಟೇರಿಂಗು ದೂರವಾಯಿತು, ಮಂಗಳಾರತಿ ಎತ್ತುವ ಹಾಗೆ ಎರಡೂ ಕೈ ಚಾಚಿ ಹಿಡಿಯಬೇಕು. ಇರಲಿ. ಕೈ ಗಟ್ಟಿಯಿದೆಯಲ್ಲ, ಅದೊಂದು ಪುಣ್ಯ.

ಕಾಂಪೌಂಡಿನಿಂದ ಕಪ್ಪೆಯ ಹಾಗೆ ಕುಪ್ಪಳಿಸಿ ರಸ್ತೆಗೆ ಬಿದ್ದೆವು. ಅತ್ತೆ ಬೆಲ್ಟಿನೊಳಗೆ ಹೂವಿನ ಬುಟ್ಟಿ ಅಪ್ಪಿಕೊಂಡು ಕೂತಿದ್ದರು. ಮೇಲೆ ಮೆಟ್ರೋ ಹೋಗುತ್ತಿತ್ತು, ಕೆಳಗೆ ನಾವು. ಮೊದಲನೇ ಗೇರು, ಎರಡನೇ ಗೇರು, ಅಷ್ಟೇ ನನ್ನ ಪ್ರಪಂಚ. ಮುನೇಶ್ವರನ ಕಲ್ಲು ಬಂತು. ಅಭ್ಯಾಸದಂತೆ ಕಣ್ಣು ಆ ಕಡೆ ಹೋಯಿತು, ಮನಸ್ಸಿನಲ್ಲೇ ನಮಸ್ಕರಿಸಿದೆ. ಕಾರು ಹೋಗುತ್ತಲೇ ಇತ್ತು.

"ಯಾಕಮ್ಮಿ ನಿಲ್ನಿಲ್ಲ?" ಅಂದರು ಅತ್ತೆ.

"ಗೇರ್ ಬದಲಾಯ್ಸಿದಾರಲ್ಲ ಅತ್ತೆ."

"ಗೇರ್ ಜೊತೆಗೆ ಭಕ್ತಿನೂ ಬಿಚ್ಚಾಕುದ್ನಾ ಆ ಮೆಕಾನಿಕ್ಕು?"

ಆಂಜನೇಯ ಬಂದ. ಈ ಸಲ ನನ್ನ ಎಡಗೈ ಗೇರಿನ ಮೇಲೇ ಇತ್ತು. ಎರಡರಿಂದ ಮೂರಕ್ಕೆ ಹಾಕೋಣವೋ ಬೇಡವೋ ಅಂತ ಯೋಚನೆ. ಕಣ್ಣು ಗೋಪುರದ ಮೇಲೆ. ಆಗ ಒಂದು ಬಿಸಿ ಕೈ ಬಂದು ನನ್ನ ಕೈ ಮೇಲೆ ಕೂತಿತು.

ಅತ್ತೆಯ ಬಲಗೈ. ಅವರೂ ಗೋಪುರ ನೋಡುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಮಕ್ಕಳು, ಮೊಮ್ಮಕ್ಕಳು, ಹಸು ಮಾರಿದ ಮೇಲೂ ಬಿಡದೆ ಹಸುಗಳು, ಎಲ್ಲರನ್ನೂ ಕಾಪಾಡು ಅಂತ ಮುಗಿಯುವ ತನಕ ಕೈ ಅಲ್ಲೇ ಇತ್ತು. ಆಮೇಲೆ ಕೈಯನ್ನು ಕಣ್ಣಿಗೊತ್ತಿಕೊಂಡರು, ಮತ್ತೆ ಇಟ್ಟರು, ಮತ್ತೆ ಒತ್ತಿಕೊಂಡರು. ನನ್ನ ಗೆಣ್ಣಿಗೆಲ್ಲ ಕುಂಕುಮ.

"ಅತ್ತೆ, ಇದೇನು ಮುಟ್ಟಿ ನಮಸ್ಕಾರ ಮಾಡ್ತಿದೀರಾ?"

"ಇನ್ನೇನ್ ಮುಟ್ಲಿ? ಮೊದ್ಲು ಆ ಮುಂದೆ ಗಾಜಿನ್ತಾವ ಇರೋ ಗಣಪನ್ನ ಮುಟ್ತಿದ್ದೆ. ಪೋಲೀಸ್ನೋರ್ ಕ್ಯಾಮ್ರಾ ಪೋಟೋ ಇಡೀತದೆ ಅಂತ ನಿನ್ ಗಂಡ ಈ ಬೆಲ್ಟ್ ಬಿಗುದ್ನಲ್ಲ, ಅವತ್ತಿಂದ ಕೈ ಎಟ್ಕಲ್ಲ. ಆಯುಧಪೂಜೇಲಿ ಈ ಗೇರ್ ಕಡ್ಡಿಗೂ ಕುಂಕುಮ ಇಟ್ಟೀವಲ್ಲ. ಇದೇ ನಂಗೆ ದೇವ್ರು."

ಗೇರಿನ ಕಡ್ಡಿ ಮುಟ್ಟಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ ಅಂತ ನಮಗೆಲ್ಲ ಗೊತ್ತಿತ್ತು. ಮುಟ್ಟುತ್ತಿದ್ದ ಕೈ ಯಾರದ್ದು ಅನ್ನುವುದು ಗೊತ್ತಿರಲಿಲ್ಲ. ಗುಡಿ ಬಂದಾಗ ಕಾರಿನಲ್ಲಿದ್ದವರೆಲ್ಲ ಗುಡಿ ನೋಡುತ್ತಿದ್ದೆವು, ಕೈ ಸೆರಗಿನ ಕೆಳಗಿಂದ ಬಂದು ಹೋಗುತ್ತಿತ್ತು. ಕಾರಿನ ಭಕ್ತಿಯೆಲ್ಲ ಅತ್ತೆಯದು. ಕಾರ್ಬುರೇಟರ್ ತೊಳೆದದ್ದು, ರಬ್ಬರ್ ಪೈಪು, ಹಾರನ್, ಹೊಸೂರಿನ ಕೋಳಿಗಳು ಮನೆ ಕಳೆದುಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ನಗು ಬಂತು. ತಡೆಯಲಾಗದ ನಗು. ಎಲ್ಲಮ್ಮನ ಗುಡಿ ಬಂದೇಬಿಟ್ಟಿತ್ತು, ಬ್ರೇಕ್ ಒತ್ತಿದೆ, ನಗುವಿನಲ್ಲಿ ಕ್ಲಚ್ ಮರೆತೆ. ಕಾರು ಮೂಗು ಬಗ್ಗಿಸಿ, ಒಮ್ಮೆ ಎಗರಿ, ಸರಿಯಾಗಿ ಗುಡಿಯ ಬಾಗಿಲಿಗೆ ಎದುರಾಗಿ ಆಫ್ ಆಯಿತು.

ಅತ್ತೆ ಬುಟ್ಟಿ ಸರಿಮಾಡಿಕೊಂಡರು. ಅವರ ಮುಖ ನೋಡಬೇಕಿತ್ತು.

"ನಿಂತ್ಕತ್ತಲ್ಲ," ಅಂದರು ಮೆಲ್ಲಗೆ. "ಚಿಕ್ ದೇವ್ರುಗಳ್ನ ಬುಟ್ಟು ತಾಯ್ನೇ ಇಡ್ಕಂಡದೆ."

ಹಿಂದೆ ಬಸ್ಸಿನವನು ಹಾರನ್ ಒತ್ತುತ್ತಿದ್ದ. ಅತ್ತೆ ಕಿಟಕಿಯಿಂದ ಕೈ ಹಾಕಿ, "ಇರಪ್ಪ, ದೇವ್ರು ನೋಡ್ತಾವ್ಳೆ," ಅಂದರು. ನಾನು ಕಾಲು ನೀಡಿ, ಸೊಂಟದಿಂದ ತಳ್ಳಿ, ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು. ಪಕ್ಕಕ್ಕೆ ತಗೊಂಡು ನಿಲ್ಲಿಸಿದೆ. ಗುಡಿಯೊಳಗೆ ನಿಂತಾಗ ತಾಯಿಯ ಮುಖ ನೋಡಲು ಸ್ವಲ್ಪ ನಾಚಿಕೆಯಾಯಿತು. ನೇರವಾಗಿ ಕೇಳಿದ್ದಕ್ಕೆ ಅವಳು ಹೀಗೆ ಸುತ್ತಿಬಳಸಿ ಉತ್ತರ ಕೊಡುತ್ತಾಳೆ ಅಂತ ಯಾರಿಗೆ ಗೊತ್ತು. ವಾಪಸು ಬರುವಾಗ ಮೂರನೇ ಗೇರನ್ನೂ ಹಾಕಿದೆ.

ಮುಂದಿನ ಮಂಗಳವಾರ ನಮ್ಮನೆಯವರೇ ಹಟ ಹಿಡಿದು ಅತ್ತೆಯನ್ನು ಗುಡಿಗೆ ಕರೆದುಕೊಂಡು ಹೋದರು. ಅವರು ಓಡಿಸುವುದು ಚೆನ್ನಾಗಿ. ಮುನೇಶ್ವರನನ್ನು ದಾಟಿ, ಆಂಜನೇಯನನ್ನು ದಾಟಿ, ಎಲ್ಲಮ್ಮನ ಗುಡಿಯನ್ನೂ ದಾಟಿ ಸಲೀಸಾಗಿ ಹೋಗಿ ಮುಂದೆ ನೆರಳಲ್ಲಿ ನಿಲ್ಲಿಸಿದರಂತೆ. ಅತ್ತೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಇವ್ನ್ ಕೈಲಿ ಕಾರು ತಾಯಿ ಮುಂದೂ ನಿಲ್ನಿಲ್ಲ. ಇವ್ಳು ಓಡ್ಸುದ್ರೆ ನಿಲ್ತದೆ. ಇನ್ ಮ್ಯಾಕೆ ಗುಡಿಗೆ ಇವ್ಳೇ ಓಡುಸ್ಲಿ."

"ಅಮ್ಮ, ಅವಳಿಗೆ ಓಡಿಸೋಕೆ ಬರ್ದೆ ಆಫ್ ಆಗಿರುತ್ತೆ."

"ನಿಂಗೆ ಬಂದು ಏನ್ ಬಂತು?" ಅಂದು ಅತ್ತೆ ಅವರ ಕೈಯಿಂದ ಕೀ ತಗೊಂಡು ದೇವರ ಗೂಡಿನಲ್ಲಿ ಎಲ್ಲಮ್ಮನ ಫೋಟೋ ಮುಂದೆ ಇಟ್ಟರು. "ಸ್ನಾನ ಮಾಡ್ದೋರು ಮುಟ್ಟಿ."

ನಮ್ಮನೆಯವರು ಸ್ನಾನ ಮಾಡುವ ಹೊತ್ತಿಗೆ ನಾನು ಎಲ್ಲ ಕಡೆ ಹೋಗಿ ಬಂದು ಅಡಿಗೆ ಮುಗಿಸಿರುತ್ತೇನೆ. ಅದು ಅವರಿಗೂ ಹೊಳೆಯಿತು. ಸೋಫಾದಲ್ಲಿ ಕೂತು ಖಾಲಿ ಮೊಳೆಯ ಕಡೆ ನೋಡುತ್ತಾ ಕೇಳಿದರು:

"ಅಲ್ವೇ, ಮುಂಚೆ ಅದು ಯಾಕೆ ನಿಲ್ತಿತ್ತು? ನಿಜವಾಗ್ಲೂ ಏನಾಗಿತ್ತು ಅದಕ್ಕೆ?"

ನಾನು ಸುಳ್ಳು ಹೇಳುವವಳಲ್ಲ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮೂರನೇ ಮಹಡಿಯಿಂದ ಬಾಡಿಗೆ ಮನೆಯ ಹುಡುಗಿ, "ಆಂಟಿ, ನೀರು ಬರ್ತಿಲ್ಲ," ಅಂತ ಕೂಗಿದಳು.

"ಬಂದೆ," ಅಂದು ಗೋಡೆ ಹಿಡಿದು ಎದ್ದು ಹೋಗಿ ಮೋಟಾರ್ ಹಾಕಿದೆ.